ಮಾತಿಗೂ ಒಂದು ಏರಿ, ಒಂದು ತೂಬು

(ಮಂಡ್ಯದಲ್ಲಿ ಪದವಿ ವಿದ್ಯಾರ್ಥಿಗಳು ಮತ್ತು ಸುತ್ತಮುತ್ತಲ ಊರಿನವರ ಮುಂದೆ ಆಡಿದ ಮಾತುಗಳ ಬರಹ ರೂಪ)

ಮೊದಲು ಒಂದು ಫೋಟೋದ ಕತೆ ಹೇಳುತ್ತೇನೆ. 2023ರ ಸೆಪ್ಟೆಂಬರ್. ಆ ತಿಂಗಳು ಇಲ್ಲಿ ಹೇಗಿತ್ತು ಅಂತ ನಿಮಗೆ ನಾನು ಹೇಳಬೇಕಾಗಿಲ್ಲ. ಮುಂಗಾರು ಕೈಕೊಟ್ಟಿತ್ತು. ಕನ್ನಂಬಾಡಿ ಅಣೆಕಟ್ಟೆಯಲ್ಲಿ ನೀರು ನೂರಡಿಗಿಂತ ಕೆಳಗೆ ಇಳಿದಿತ್ತು. ತಮಿಳುನಾಡಿಗೆ 5,000 ಕ್ಯೂಸೆಕ್ಸ್‌ನಂತೆ 15 ದಿನ ನೀರು ಬಿಡಬೇಕು ಅಂತ ಆದೇಶವಾಗಿತ್ತು. ಮಂಡ್ಯ ಬಂದ್ ಆಯಿತು, ಬೆಂಗಳೂರು ಬಂದ್ ಆಯಿತು, ತಿಂಗಳ ಕೊನೆಗೆ ಕರ್ನಾಟಕ ಬಂದ್ ಆಯಿತು. ಇಲ್ಲೇ ವಿಶ್ವೇಶ್ವರಯ್ಯನವರ ಪ್ರತಿಮೆಯ ಮುಂದೆ ಧರಣಿ ನಡೆಯುತ್ತಿತ್ತು.

ನಮ್ಮೂರಿಗೆ ಒಂದು ವಾಟ್ಸಾಪ್ ಗುಂಪಿದೆ. ಅದರ ಅಡ್ಮಿನ್‌ಗಳಲ್ಲಿ ನಾನೂ ಒಬ್ಬ. ಒಂದು ರಾತ್ರಿ ಹತ್ತು ಗಂಟೆ ಇರಬೇಕು, ಗುಂಪಿಗೆ ಒಂದು ಫೋಟೋ ಬಂತು. ಅಣೆಕಟ್ಟೆಯ ಗೇಟುಗಳಿಂದ ನೀರು ಹಾಲಿನ ಹಾಗೆ ಧುಮ್ಮಿಕ್ಕುತ್ತಿದೆ. ಕೆಳಗೆ ಒಂದು ಸಾಲು: ರಾತ್ರೋರಾತ್ರಿ ನೀರು ಬಿಡ್ತಿದ್ದಾರೆ, ಮಲಗಿದ್ದೀರಾ? ಮೆಸೇಜಿನ ತಲೆಯ ಮೇಲೆ ಎರಡು ಬಾಣದ ಗುರುತು. ಅಂದರೆ ಎಷ್ಟೋ ಕೈ ದಾಟಿ ಬಂದದ್ದು. ಆ ಗುರುತನ್ನು ಯಾರೂ ನೋಡಲಿಲ್ಲ. ಅರ್ಧ ಗಂಟೆಯಲ್ಲಿ ಗುಂಪು ಕಾದ ಹೆಂಚಿನ ಹಾಗಾಯಿತು. ಬೆಳಗ್ಗೆ ಐದಕ್ಕೆ ಟ್ರ್ಯಾಕ್ಟರ್ ತಗೊಂಡು ಹೆದ್ದಾರಿಗೆ ಹೋಗೋಣ ಅಂತ ಒಬ್ಬರು. ಯಾರ ಮನೆ ಮುಂದೆ ಕೂರಬೇಕು ಅಂತ ಇನ್ನೊಬ್ಬರು.

ಆಗ ಒಂದು ವಾಯ್ಸ್ ಬಂತು. ನಮ್ಮೂರಿನ ಒಬ್ಬ ಹಿರಿಯರು, ನಾಲೆಯಲ್ಲಿ ನೀರುಗಂಟಿಯಾಗಿ, ಅಂದರೆ ಗದ್ದೆಗಳಿಗೆ ನೀರು ಬಿಡುವವರಾಗಿ ದುಡಿದವರು. ಅವರ ಮಾತನ್ನು ಇದ್ದ ಹಾಗೇ ಹೇಳುತ್ತೇನೆ. "ಲೋ ಮಕ್ಳಾ, ಆ ಫೋಟೋವ ಸರ್ಯಾಗ್ ನೋಡ್ರುಲಾ. ನೀರು ಬತ್ತಾ ಇರೋದು ಮೇಲ್ನೆ ಸಾಲಿನ ಗೇಟಿಂದ. ಈಗ ಕಟ್ಟೇಲಿ ನೀರಿರೋದೇ ಅದರ ಕೆಳ್ಗೆ. ಇಲ್ದಿರೋ ನೀರು ಮೇಲಿಂದ ಹೆಂಗ್ಲಾ ಬಿದ್ದದು?"

ಅಷ್ಟೇ. ಗುಂಪು ತಣ್ಣಗಾಯಿತು. ಒಬ್ಬೊಬ್ಬರೇ ಆ ದಿನದ ಮಟ್ಟ ಎಷ್ಟು, ಒಳಹರಿವು ಎಷ್ಟು, ಹೊರಹರಿವು ಎಷ್ಟು ಅಂತ ಹಾಕಲು ಶುರು ಮಾಡಿದರು. ಫೋಟೋ ಯಾವುದೋ ಒಳ್ಳೆ ಮಳೆಯ ವರ್ಷದ್ದು ಅಂತ ಗೊತ್ತಾಯಿತು.

ಆ ಹಿರಿಯರು ಓದಿರುವುದು ನಾಲ್ಕನೇ ಕ್ಲಾಸು. ನೀರಿನ ಬಗ್ಗೆ ನಡೆಯುವ ಯಾವ ಮೀಟಿಂಗಿನಲ್ಲೂ ಅವರಿಗೆ ಕುರ್ಚಿ ಹಾಕಿದ್ದನ್ನು ನಾನು ಕಂಡಿಲ್ಲ. ಆ ರಾತ್ರಿ ಇಡೀ ಊರು ಅವರ ಮಾತು ಕೇಳಿತು. ಆನ್‌ಲೈನ್ ಚರ್ಚೆಯಿಂದ ಪ್ರಜಾಪ್ರಭುತ್ವಕ್ಕೆ ಏನು ಸಿಗುತ್ತದೆ ಅಂತ ಯಾರಾದರೂ ಕೇಳಿದರೆ ನಾನು ಮೊದಲು ಇದನ್ನೇ ಹೇಳುತ್ತೇನೆ. ಗೊತ್ತಿರುವವನ ಮಾತು, ಅವನು ಯಾರೇ ಆಗಿರಲಿ, ಎಲ್ಲರ ಕಿವಿಗೆ ಬಿತ್ತು.

ಕತೆ ಇಲ್ಲಿಗೆ ಮುಗಿಯಲಿಲ್ಲ. ಆರು ತಿಂಗಳಾಯಿತು. ಮಾರ್ಚ್ ತಿಂಗಳು, ಬಿಸಿಲು ಏರುತ್ತಿತ್ತು. ಅದೇ ಗುಂಪಿಗೆ ಅದೇ ಫೋಟೋ ಬಂತು. ಕೆಳಗೆ ಅದೇ ತರದ ಸಾಲು. ಮತ್ತೆ ಅದೇ ಕೂಗಾಟ. ಹಿರಿಯರು ಆಗ ಮೈಸೂರಿನಲ್ಲಿ ಮಗಳ ಮನೆಯಲ್ಲಿದ್ದರು, ಫೋನ್ ನೋಡಿರಲಿಲ್ಲ. ಹೋದ ಸಲ ಅವರು ಹೇಳಿದ್ದನ್ನು ಹುಡುಕೋಣ ಅಂತ ನಾನು ಕೂತೆ. ನಡುವೆ ನಾನು ಫೋನ್ ಬದಲಾಯಿಸಿದ್ದೆ, ಹಳೆಯದು ಏನೂ ಇರಲಿಲ್ಲ. ಇನ್ನೊಬ್ಬರ ಫೋನಿನಲ್ಲಿ ಹುಡುಕಿದೆವು. ಹುಟ್ಟುಹಬ್ಬದ ಹಾರೈಕೆ, ತಿಥಿಯ ಕಾರ್ಡು, ಎಳನೀರಿನ ರೇಟು, ಇವುಗಳ ರಾಶಿಯ ಕೆಳಗೆ ಆ ಒಂದು ವಾಯ್ಸ್ ಎಲ್ಲಿದೆಯೋ ಸಿಗಲಿಲ್ಲ. ವಾಯ್ಸ್ ಆದ್ದರಿಂದ ಪದ ಹಾಕಿ ಹುಡುಕುವುದಕ್ಕೂ ಆಗಲಿಲ್ಲ. ಆ ರಾತ್ರಿ ಇಬ್ಬರು ಅಣ್ಣತಮ್ಮಂದಿರ ಮಕ್ಕಳು ಜಗಳವಾಡಿ ಗುಂಪು ಬಿಟ್ಟರು.

ಇವತ್ತು ನಾನು ಹೇಳಬೇಕಾದ್ದೆಲ್ಲ ಈ ಎರಡು ರಾತ್ರಿಗಳ ನಡುವೆ ಇದೆ.

ನೀವೆಲ್ಲ ಕೆರೆ ಕಂಡವರು. ಮಳೆ ನೀರು ಸುಮ್ನೆ ಹರಿದು ಹೋದರೆ ಹೊಳೆ ಸೇರುತ್ತದೆ, ಗದ್ದೆಗೆ ಸಿಗುವುದಿಲ್ಲ. ಅದಕ್ಕೇ ಏರಿ ಹಾಕುತ್ತೇವೆ, ನೀರು ನಿಲ್ಲುತ್ತದೆ. ನಿಂತರೂ ಸಾಲದು. ತೂಬು ಬೇಕು, ತೂಬಿನಿಂದ ಗದ್ದೆಗೆ ಹೋಗಬೇಕು. ಜನರ ಮಾತಿಗೂ ಈ ಎರಡು ಬೇಕು ಅನ್ನುವುದು ನನ್ನ ನಂಬಿಕೆ. ಆಡಿದ್ದು ನಿಲ್ಲಬೇಕು, ಮತ್ತೆ ಹುಡುಕಿದರೆ ಸಿಗಬೇಕು. ಆಮೇಲೆ ಅದು ಉತ್ತರ ಕೊಡಬೇಕಾದವರ ಮುಂದೆ ಹೋಗಿ ನಿಲ್ಲಬೇಕು. ನಮ್ಮ ಫೋನಿನಲ್ಲಿ ಮಳೆ ಬೇಕಾದಷ್ಟು ಬೀಳುತ್ತಿದೆ. ಏರಿ ಇಲ್ಲ, ತೂಬೂ ಇಲ್ಲ.

ಹಾಗಂತ ಹಳೆಯ ಕಾಲವೇ ಚೆನ್ನಾಗಿತ್ತು ಅಂತ ನಾನು ಹೇಳುತ್ತಿಲ್ಲ. ಅರಳಿಕಟ್ಟೆಯ ಮೇಲೆ ಕೂತು ಊರಿನವರೆಲ್ಲ ಮಾತಾಡುತ್ತಿದ್ದರು ಅಂತ ಭಾಷಣಗಳಲ್ಲಿ ಕೇಳುತ್ತೇವೆ. ಊರಿನವರೆಲ್ಲ ಅಂದರೆ ಯಾರು? ನಾನು ಚಿಕ್ಕವನಿದ್ದಾಗ ನಮ್ಮ ಕಟ್ಟೆಯ ಮೇಲೆ ಒಬ್ಬ ಹೆಣ್ಣುಮಗಳು ಕೂತದ್ದನ್ನು ನಾನು ನೋಡಿಲ್ಲ. ದಲಿತರ ಕೇರಿಯ ಹಿರಿಯರು ಚಪ್ಪಲಿ ಕೈಯಲ್ಲಿ ಹಿಡಿದು ಆ ಕಟ್ಟೆ ದಾಟುತ್ತಿದ್ದರು. ನ್ಯಾಯ ಅವರ ಬಗ್ಗೆಯೇ ನಡೆಯುತ್ತಿದ್ದರೂ ಅವರು ದೂರ ನಿಂತು ಕೇಳಬೇಕಿತ್ತು. ಇವತ್ತು ಅದೇ ಕೇರಿಯ ಹುಡುಗ ಗುಂಪಿನಲ್ಲಿ ನನ್ನ ಮಾತಿಗೆ "ಮೇಷ್ಟ್ರೇ, ನೀವು ಹೇಳ್ತಿರೋದು ತಪ್ಪು" ಅಂತ ಬರೆಯುತ್ತಾನೆ. ನನಗೆ ಅದು ದೊಡ್ಡ ಬದಲಾವಣೆ. ಆನ್‌ಲೈನ್ ಚರ್ಚೆಯನ್ನು ಬರೀ ಗಲಾಟೆ ಅಂತ ತಳ್ಳಿಹಾಕುವವರು ಈ ಹುಡುಗನನ್ನು ನೆನೆಸಿಕೊಳ್ಳಬೇಕು.

ಈಗ ಮೈಸೂರಿನ ಒಂದು ಹಳೆಯ ವಿಷಯ. ದೊಡ್ಡ ಗಡಿಯಾರದ ಹತ್ತಿರದ ಪುರಭವನಕ್ಕೆ ರಂಗಾಚಾರ್ಲು ಅವರ ಹೆಸರಿದೆ. ನೀವು ಬಸ್ಸಿನಿಂದ ಇಳಿದು ಎಷ್ಟೋ ಸಲ ಅದರ ಮುಂದೆ ನಡೆದಿದ್ದೀರಿ. ದಿವಾನರಾಗಿದ್ದ ಅವರು ಮಾಡಿದ ಒಂದು ಕೆಲಸ ಇವತ್ತಿನ ಮಾತಿಗೆ ಬೇಕು. 1881ರಲ್ಲಿ ಬ್ರಿಟಿಷರು ಮೈಸೂರನ್ನು ಒಡೆಯರಿಗೆ ಹಿಂದಿರುಗಿಸಿದರು. ಅದೇ ವರ್ಷ ಅಕ್ಟೋಬರ್ 7ರಂದು, ದಸರಾ ಸಮಯಕ್ಕೆ, ರಂಗಾಚಾರ್ಲು ಪ್ರಜಾಪ್ರತಿನಿಧಿ ಸಭೆ ಸೇರಿಸಿದರು. 144 ಜನ ಬಂದರು. ಹೆಚ್ಚಿನವರು ಜಮೀನುದಾರರು, ವ್ಯಾಪಾರಸ್ಥರು. ಬಡವರು ಇರಲಿಲ್ಲ. ಹೆಣ್ಣುಮಕ್ಕಳಿಗೆ ಮತದ ದಾರಿ ತೆರೆದದ್ದು 1923ರ ಕಾಯ್ದೆಯಿಂದ. ಸಭೆಗೆ ಕಾನೂನು ಮಾಡುವ ಅಧಿಕಾರವೂ ಇರಲಿಲ್ಲ. ಬಂದವರು ತಮ್ಮ ತಾಲ್ಲೂಕಿನ ಕಷ್ಟ ಹೇಳಿಕೊಳ್ಳಬಹುದಿತ್ತು, ಅಷ್ಟೇ.

ಆದರೂ ನನಗೆ ಆ ಸಭೆಯ ಮೇಲೆ ಗೌರವ ಇದೆ. ಅಲ್ಲಿ ಹೇಳಿದ್ದನ್ನು ಬರೆದುಕೊಳ್ಳುತ್ತಿದ್ದರು. ಅಚ್ಚು ಹಾಕಿಸುತ್ತಿದ್ದರು. ಯಾವ ತಾಲ್ಲೂಕಿನವರು ರಸ್ತೆ ಕೇಳಿದರು, ಯಾರು ಕಂದಾಯದ ಬಗ್ಗೆ ತಕರಾರು ಎತ್ತಿದರು, ಸರ್ಕಾರ ಏನು ಹೇಳಿತು, ಇವೆಲ್ಲ ಹಾಳೆಯ ಮೇಲೆ ಇದೆ. ಮುಂದಿನ ದಸರಾಕ್ಕೆ ಬಂದವರು ಹೋದ ವರ್ಷ ನಾವು ಕೇಳಿದ್ದು ಏನಾಯಿತು ಅಂತ ಕೇಳಬಹುದಿತ್ತು. ಅಧಿಕಾರ ಇಲ್ಲದ ಸಭೆ ಹೀಗೆ ಕೇಳುತ್ತಾ ಕೇಳುತ್ತಾ ಬಲ ಪಡೆಯಿತು. ಚುನಾವಣೆ ಬಂತು, 1907ರಲ್ಲಿ ಶಾಸನ ಸಭೆ ಬಂತು. ಸರ್ಕಾರಿ ಕೆಲಸಗಳಲ್ಲಿ ಎಲ್ಲ ಜಾತಿಯವರಿಗೂ ಪಾಲು ಬೇಕು ಅನ್ನುವ ಕೂಗು ಜೋರಾಗಿ, 1918ರಲ್ಲಿ ಮಿಲ್ಲರ್ ಸಮಿತಿ ನೇಮಕವಾಯಿತು. ಆ ಚರ್ಚೆ ಏನೂ ನಯವಾಗಿ ನಡೆಯಲಿಲ್ಲ. ದಿವಾನರಾಗಿದ್ದ ವಿಶ್ವೇಶ್ವರಯ್ಯನವರಿಗೆ ಒಪ್ಪಿಗೆಯಾಗದೆ ಅವರು ಹುದ್ದೆ ಬಿಟ್ಟರು. ನಾವು ಇಲ್ಲಿ ದೇವರಂತೆ ಕಾಣುವ ವ್ಯಕ್ತಿಯ ಜೊತೆಗೂ ಜನ ಒಂದು ವಿಷಯದಲ್ಲಿ ಗಟ್ಟಿಯಾಗಿ ಜಗಳ ಆಡಿದ್ದರು. ಜಗಳ ಇರುವುದೇ ತಪ್ಪು ಅಂತ ಯಾರೂ ಅಂದುಕೊಳ್ಳಬಾರದು ಅಂತ ಇದನ್ನು ಹೇಳಿದೆ.

ಸಂವಿಧಾನ ಸಭೆಯಲ್ಲೂ ಹಾಗೇ. ಕರಡಿಗೆ ಸುಮಾರು 7,635 ತಿದ್ದುಪಡಿಗಳ ಸೂಚನೆ ಬಂದಿದ್ದವು, 2,473 ಸಭೆಯ ಮುಂದೆ ಮಂಡನೆಯಾದವು. ಯಾರು ಯಾವ ಸಾಲಿಗೆ ತಕರಾರು ತೆಗೆದರು, ಅಂಬೇಡ್ಕರ್ ಏನು ಉತ್ತರ ಕೊಟ್ಟರು, ಇವತ್ತು ನೀವು ಫೋನಿನಲ್ಲೇ ತೆಗೆದು ಓದಬಹುದು. ಓದಿ ನೋಡಿ. ತಕರಾರು ಎತ್ತಿದವರಿಗೆ ಎಷ್ಟು ತಾಳ್ಮೆಯಿಂದ ಉತ್ತರ ಸಿಕ್ಕಿದೆ ಅಂತ ಗೊತ್ತಾಗುತ್ತದೆ.

ನಮ್ಮ ಕಾಲಕ್ಕೆ ಬರೋಣ. ನಮ್ಮ ದೇಶದಲ್ಲಿ ಜನಸಾಮಾನ್ಯರಿಗೆ ಇಂಟರ್‌ನೆಟ್ ಬಂದದ್ದು 1995ರ ಆಗಸ್ಟ್ 15ಕ್ಕೆ. ಆಗ ಕನ್ನಡದಲ್ಲಿ ಬರೆಯುವುದೇ ಕಷ್ಟವಿತ್ತು. ಒಬ್ಬರ ಕಂಪ್ಯೂಟರಿನಲ್ಲಿ ಬರೆದದ್ದು ಇನ್ನೊಬ್ಬರ ಕಂಪ್ಯೂಟರಿನಲ್ಲಿ ಚೌಕ ಚೌಕವಾಗಿ ಕಾಣುತ್ತಿತ್ತು. ಬರಹ, ನುಡಿ ಅನ್ನುವ ತಂತ್ರಾಂಶಗಳು ಬಂದವು, ಎಲ್ಲ ಕಡೆ ಒಂದೇ ಥರ ಕಾಣುವ ಯೂನಿಕೋಡ್ ಅಕ್ಷರ ಬಂತು. ಆಮೇಲೆ ಕಡಿಮೆ ಬೆಲೆಯ ಫೋನು, ಅಗ್ಗದ ಡೇಟಾ. ಈಗ ಬರೆಯಲು ಬಾರದವರೂ ವಾಯ್ಸ್ ಕಳಿಸುತ್ತಾರೆ. ಒಂದು ತಲೆಮಾರಿನಲ್ಲಿ ಇಷ್ಟು ಜನರಿಗೆ ಬಾಯಿ ಬಂದದ್ದು ನಮ್ಮ ಚರಿತ್ರೆಯಲ್ಲಿ ಹಿಂದೆ ಆಗಿಲ್ಲ.

ಬಾಯಿ ಬಂತು ಅಂದ ಮಾತ್ರಕ್ಕೆ ಎಲ್ಲರೂ ಮಾತಾಡುತ್ತಿಲ್ಲ, ಅಲ್ವಾ? ಆನ್‌ಲೈನ್ ಜಾಗಗಳನ್ನು ಗಮನಿಸಿದ ಜೇಕಬ್ ನೀಲ್ಸನ್ ಅನ್ನುವವರು 2006ರಲ್ಲಿ ಒಂದು ಅಂದಾಜು ಬರೆದರು. ನೂರರಲ್ಲಿ ತೊಂಬತ್ತು ಜನ ಸುಮ್ಮನೆ ಓದುತ್ತಾರೆ, ಒಂಬತ್ತು ಜನ ಯಾವಾಗಲೋ ಒಮ್ಮೆ ಬರೆಯುತ್ತಾರೆ, ಒಬ್ಬರು ಮಾತ್ರ ಸದಾ ಬರೆಯುತ್ತಾರೆ ಅಂತ. ನಿಮ್ಮ ಮನೆಯ ಗುಂಪನ್ನೇ ನೆನೆಸಿಕೊಳ್ಳಿ, ಹೆಚ್ಚು ಕಡಿಮೆ ಹೀಗೇ ಇರುತ್ತದೆ. ನಾವು ಆ ಒಬ್ಬರ ದನಿಯನ್ನು ಊರಿನ ದನಿ ಅಂದುಕೊಳ್ಳುತ್ತೇವೆ. ಊರು ಹೀಗೆ ಹೇಳ್ತಿದೆ, ಜನ ಸಿಟ್ಟಾಗಿದ್ದಾರೆ ಅನ್ನುತ್ತೇವೆ. ಜನ ಸುಮ್ಮನೆ ಓದುತ್ತಾ ಕೂತಿರುತ್ತಾರೆ.

ಇದರ ಮೇಲೆ ಇನ್ನೊಂದು ಸೇರಿಕೊಂಡಿದೆ. ಫೇಸ್‌ಬುಕ್‌ನಲ್ಲಿ ಲೈಕ್ ಜೊತೆಗೆ ಕೋಪದ ಮುಖ, ನಗುವ ಮುಖ ಎಲ್ಲ ಇವೆ. ನಿಮಗೆ ಯಾವುದನ್ನು ಮೊದಲು ತೋರಿಸಬೇಕು ಅಂತ ಲೆಕ್ಕ ಹಾಕುವಾಗ, 2017ರಿಂದ ಕಂಪನಿ ಇಂಥ ಒಂದು ಮುಖಕ್ಕೆ ಐದು ಲೈಕಿನ ತೂಕ ಕೊಟ್ಟಿತ್ತು. ಕೋಪಕ್ಕೂ ಐದು. ಕಂಪನಿಯ ಒಳಗಿನ ಕಾಗದಗಳು 2021ರಲ್ಲಿ ಹೊರಬಿದ್ದಾಗ ಇದು ಜಗತ್ತಿಗೆ ಗೊತ್ತಾಯಿತು. ಅಷ್ಟರಲ್ಲಿ ಅವರೇ ಕೋಪದ ತೂಕವನ್ನು ಹಂತ ಹಂತವಾಗಿ ಸೊನ್ನೆಗೆ ಇಳಿಸಿದ್ದರು. ಅಲ್ಲಿಯವರೆಗೆ ಕೋಪಕ್ಕೆ ಲೈಕಿಗಿಂತ ಹೆಚ್ಚು ತೂಕ ಇತ್ತಲ್ಲ, ಅದನ್ನು ಯೋಚಿಸಿ. ಸಂತೆಯಲ್ಲಿ ಸಿಟ್ಟಿನಿಂದ ಕಿರುಚಿದವನ ತಕ್ಕಡಿಗೂ ಐದು ಪಟ್ಟು ತೂಗುವ ಕಲ್ಲು ಇಟ್ಟರೆ ಸಂತೆ ಏನಾದೀತು? ಆ ಕಲ್ಲನ್ನು ಇಟ್ಟವರು ನಾವು ಮತ ಹಾಕಿ ಆರಿಸಿದವರಲ್ಲ. ನಮ್ಮನ್ನು ಕೇಳಿಯೂ ಇಡಲಿಲ್ಲ. ಜನರ ಚರ್ಚೆ ನಡೆಯುವ ಜಾಗದ ನಿಯಮ ಜನರಿಗೆ ಗೊತ್ತಿರಬೇಕು. ಇದರಲ್ಲಿ ನನಗೆ ಯಾವ ಅನುಮಾನವೂ ಇಲ್ಲ.

ಒಳ್ಳೆಯ ಉದಾಹರಣೆಗಳೂ ಇವೆ. 2015ರ ಮಾರ್ಚ್‌ನಲ್ಲಿ ಟ್ರಾಯ್, ಅಂದರೆ ಟೆಲಿಫೋನ್ ಕಂಪನಿಗಳ ಮೇಲೆ ಕಣ್ಣಿಡುವ ಪ್ರಾಧಿಕಾರ, 118 ಪುಟಗಳ ಒಂದು ಕಾಗದ ಹೊರತಂದಿತು. 20 ಪ್ರಶ್ನೆಗಳು. ಇಂಟರ್‌ನೆಟ್ಟಿನಲ್ಲಿ ಒಂದು ತಾಣಕ್ಕೆ ಒಂದು ದರ, ಇನ್ನೊಂದಕ್ಕೆ ಇನ್ನೊಂದು ದರ ಇರಬಹುದೇ ಅನ್ನುವುದು ಅದರೊಳಗಿನ ಒಂದು ಮುಖ್ಯ ವಿಷಯ. ಅಷ್ಟು ಪುಟ ಯಾರು ಓದುತ್ತಾರೆ? ಕೆಲವು ಯುವಕರು ಕೂತು ಓದಿದರು. ಒಂದೊಂದೇ ಪ್ರಶ್ನೆ ತೆಗೆದುಕೊಂಡು ಆನ್‌ಲೈನಿನಲ್ಲಿ ಚರ್ಚೆ ಮಾಡಿದರು, ಸರಳ ಮಾತಿನಲ್ಲಿ ಉತ್ತರ ಸಿದ್ಧ ಮಾಡಿ ಎಲ್ಲರ ಮುಂದಿಟ್ಟರು. ಹತ್ತು ಲಕ್ಷಕ್ಕೂ ಜಾಸ್ತಿ ಇಮೇಲ್ ಹೋಯಿತು. 2016ರ ಫೆಬ್ರವರಿ 8ರಂದು ಹೀಗೆ ಬೇರೆ ಬೇರೆ ದರ ಹಾಕುವಂತಿಲ್ಲ ಅಂತ ಟ್ರಾಯ್ ಆದೇಶ ಮಾಡಿತು.

ಇದರಲ್ಲಿ ಒಂದು ಕೊರತೆಯೂ ಇತ್ತು, ಅದನ್ನೂ ಹೇಳಬೇಕು. ಎಷ್ಟೋ ಇಮೇಲ್ ಒಂದೇ ಒಕ್ಕಣೆಯವು. ಲಕ್ಷ ಜನ ಒಂದೇ ಕಾಗದ ಕಳಿಸಿದರೆ ಸಂಖ್ಯೆ ಕಾಣುತ್ತದೆ, ಲಕ್ಷ ಜನರ ಅನುಭವ ಕಾಣುವುದಿಲ್ಲ. ಆದರೂ ತೂಬು ಇತ್ತು. ಕೇಳಿದವರು ಇದ್ದರು, ಕೊನೆಯ ದಿನಾಂಕ ಇತ್ತು, ಉತ್ತರ ಕೊಡಲೇಬೇಕಾದ ಒಂದು ಜಾಗ ಇತ್ತು. ಬರೀ ಹ್ಯಾಶ್‌ಟ್ಯಾಗಿನಿಂದ ಆ ಆದೇಶ ಬರುತ್ತಿರಲಿಲ್ಲ.

ನಿಮ್ಮಲ್ಲಿ ಎಷ್ಟು ಜನಕ್ಕೆ ಗೊತ್ತೋ ಇಲ್ಲವೋ, ಕೇಂದ್ರ ಸರ್ಕಾರವೇ 2014ರಲ್ಲಿ ಒಂದು ನೀತಿ ಮಾಡಿದೆ. ಹೊಸ ಕಾನೂನಿನ ಕರಡನ್ನು ಕನಿಷ್ಠ 30 ದಿನ ಜನರ ಮುಂದೆ ಇಟ್ಟು ಅಭಿಪ್ರಾಯ ಕೇಳಬೇಕು ಅಂತ. ಕೇಳುವುದೇನೋ ಸರಿ, ಯಾವ ಭಾಷೆಯಲ್ಲಿ ಕೇಳುತ್ತಾರೆ? 2020ರಲ್ಲಿ ಪರಿಸರದ ಮೇಲಿನ ಪರಿಣಾಮ ಅಳೆಯುವ ಹೊಸ ನಿಯಮದ ಕರಡು ಇಂಗ್ಲಿಷ್ ಮತ್ತು ಹಿಂದಿಯಲ್ಲಿ ಬಂತು. ಅದನ್ನು ಸಂವಿಧಾನದ ಎಂಟನೇ ಪರಿಚ್ಛೇದದ 22 ಭಾಷೆಗಳಲ್ಲೂ ಕೊಡಿ ಅಂತ ದೆಹಲಿ ಹೈಕೋರ್ಟ್ ಆ ವರ್ಷ ಜೂನ್ 30ರಂದು ಹೇಳಬೇಕಾಯಿತು. ಕಲ್ಲು ಗಣಿಯ ಪಕ್ಕ ಮನೆ ಇರುವ ನಮ್ಮ ಕಡೆಯ ಒಬ್ಬ ಹೆಣ್ಣುಮಗಳಿಗೆ ಅಂಥ ನಿಯಮ ದಿನಾ ತಟ್ಟುತ್ತದೆ. ಅವಳಿಗೆ ಓದಲು ಬಾರದ ಭಾಷೆಯಲ್ಲಿ ಅಭಿಪ್ರಾಯ ಕೇಳಿದರೆ ಅದು ಕೇಳಿದ ಹಾಗೇ ಅಲ್ಲ.

ತೈವಾನ್ ದೇಶದ ಒಂದು ಪ್ರಯೋಗ ನನ್ನ ತಲೆಯಲ್ಲಿ ಕೂತುಬಿಟ್ಟಿದೆ. ಅಲ್ಲಿ 2014ರಲ್ಲಿ ವಿದ್ಯಾರ್ಥಿಗಳು ಸಂಸತ್ತಿನ ಒಳಗೇ ಹೋಗಿ ಕೂತು ಚಳವಳಿ ಮಾಡಿದ್ದರು. ಅದಾದ ಮೇಲೆ ಸರ್ಕಾರ ಮತ್ತು ಕಂಪ್ಯೂಟರ್ ಬಲ್ಲ ಯುವಕರು ಸೇರಿ ವಿತೈವಾನ್ ಅನ್ನುವ ಚರ್ಚೆಯ ವ್ಯವಸ್ಥೆ ಕಟ್ಟಿದರು. 2015ರಲ್ಲಿ ಊಬರ್ ಟ್ಯಾಕ್ಸಿಯ ಜಗಳ ಅಲ್ಲಿಗೆ ಬಂತು. ಟ್ಯಾಕ್ಸಿ ಓಡಿಸುವವರು ಒಂದು ಕಡೆ, ಊಬರ್ ಬೇಕು ಅನ್ನುವವರು ಇನ್ನೊಂದು ಕಡೆ. ಅದಕ್ಕೆ ಅವರು ಪೋಲಿಸ್ ಅನ್ನುವ ಒಂದು ತಂತ್ರಾಂಶ ಬಳಸಿದರು. ಹೆಸರು ನಮ್ಮ ಪೊಲೀಸಿನ ಹಾಗೆ ಕೇಳಿಸುತ್ತದೆ, ಅದಕ್ಕೂ ಇದಕ್ಕೂ ಸಂಬಂಧ ಇಲ್ಲ. ಅದರಲ್ಲಿ ಯಾರು ಬೇಕಾದರೂ ಒಂದು ಸಾಲಿನ ಅಭಿಪ್ರಾಯ ಬರೆಯಬಹುದು. ಉಳಿದವರು ಒಪ್ಪುತ್ತೇನೆ, ಒಪ್ಪುವುದಿಲ್ಲ, ಗೊತ್ತಿಲ್ಲ ಅಂತ ಒತ್ತಬಹುದು. ಉತ್ತರ ಬರೆಯುವ ಗುಂಡಿಯೇ ಇಲ್ಲ. ನಿಮ್ಮ ಮಾತಿನ ಕೆಳಗೆ ಬಂದು ಬೈಯುವುದಕ್ಕೆ ಜಾಗವೇ ಇಲ್ಲ. ಯಾರ್‍ಯಾರ ಅಭಿಪ್ರಾಯ ಹತ್ತಿರ ಇದೆ ಅಂತ ಅದು ನಕ್ಷೆ ಬರೆದು ತೋರಿಸುತ್ತದೆ. ಎರಡು ಕಡೆಯವರೂ ಒಪ್ಪುವ ಮಾತು ಯಾವುದು ಅಂತ ಜನ ಹುಡುಕಲು ಶುರು ಮಾಡಿದರು. ವಿಮೆ ಇರಬೇಕು, ಸುರಕ್ಷತೆ ಇರಬೇಕು ಅನ್ನುವಂಥ ಮಾತುಗಳಲ್ಲಿ ಎರಡೂ ಕಡೆಯವರು ಒಂದಾದರು. ಆ ಚರ್ಚೆಯ ಆಧಾರದ ಮೇಲೆ ಸರ್ಕಾರ ನಿಯಮ ರೂಪಿಸಿತು.

ಒಂದು ಗುಂಡಿ ಇಡುವುದು, ಒಂದು ಗುಂಡಿ ತೆಗೆಯುವುದು, ಇದರಿಂದ ಜನ ಮಾತಾಡುವ ರೀತಿಯೇ ಬದಲಾಗುತ್ತದೆ. ಜನ ಕೆಟ್ಟುಹೋಗಿದ್ದಾರೆ, ಮರ್ಯಾದೆ ಹೋಯ್ತು ಅಂತ ಕೊರಗುವ ಮುಂಚೆ ಅವರು ಕೂತ ಜಾಗ ಹೇಗಿದೆ ನೋಡಬೇಕು.

ನಮ್ಮ ಕನ್ನಡದಲ್ಲೇ ಇನ್ನೊಂದು ಜಾಗವಿದೆ. 2003ರಿಂದ ಕನ್ನಡ ವಿಕಿಪೀಡಿಯ ಇದೆ. ಅಲ್ಲಿ ಪ್ರತಿ ಲೇಖನದ ಹಿಂದೆ ಚರ್ಚೆ ಅನ್ನುವ ಪುಟ ಇರುತ್ತದೆ. ಹೆಚ್ಚಿನವರು ಅದನ್ನು ತೆಗೆದೇ ನೋಡುವುದಿಲ್ಲ. ಒಂದು ಇಸವಿ ತಪ್ಪಿದೆ ಅಂದರೆ ಅಲ್ಲಿ ಬರೆಯಬೇಕು, ಆಧಾರ ಕೊಡಬೇಕು. ಯಾರು ಯಾವತ್ತು ಏನು ಬದಲಾಯಿಸಿದರು ಅನ್ನುವುದು ಅಳಿಯದೆ ಉಳಿಯುತ್ತದೆ. ವಿದ್ಯಾರ್ಥಿಗಳಿಗೆ ನನ್ನ ಬೇಡಿಕೆ ಒಂದೇ. ನಿಮ್ಮ ಊರಿನ ಬಗ್ಗೆ ಅಲ್ಲಿ ಏನಿದೆ ನೋಡಿ. ತಪ್ಪಿದ್ದರೆ ಚರ್ಚೆ ಪುಟದಲ್ಲಿ ನಾಲ್ಕು ಸಾಲು ಬರೆಯಿರಿ. ಆಧಾರ ಇಟ್ಟು ವಾದ ಮಾಡುವುದು ಹೇಗೆ ಅಂತ ಕಲಿಯಲು ಅದು ಒಳ್ಳೆಯ ಗರಡಿಮನೆ.

ಹೆದರಿಕೆಯ ಮಾತನ್ನೂ ಆಡಬೇಕು. ಬರೆದರೆ ಕೇಸ್ ಆಗುತ್ತಾ ಸಾರ್ ಅಂತ ಹುಡುಗರು ಕೇಳುತ್ತಾರೆ. 2012ರಲ್ಲಿ ಮಹಾರಾಷ್ಟ್ರದಲ್ಲಿ ಇಬ್ಬರು ಹುಡುಗಿಯರನ್ನು ಒಂದು ಫೇಸ್‌ಬುಕ್ ಪೋಸ್ಟಿಗಾಗಿ ಬಂಧಿಸಿದ್ದರು. ಒಬ್ಬಳು ಬರೆದದ್ದು, ಇನ್ನೊಬ್ಬಳು ಅದಕ್ಕೆ ಲೈಕ್ ಒತ್ತಿದ್ದು. ಅದಾದ ಮೇಲೆ ಐಟಿ ಕಾಯ್ದೆಯ 66ಎ ಕಲಮಿನ ವಿರುದ್ಧ ಸುಪ್ರೀಂ ಕೋರ್ಟಿಗೆ ಹೋದರು. 2015ರ ಮಾರ್ಚ್ 24ರಂದು ಕೋರ್ಟು ಆ ಕಲಮನ್ನೇ ರದ್ದು ಮಾಡಿತು. ಆ ತೀರ್ಪಿನಲ್ಲಿ ಮೂರು ಮೆಟ್ಟಿಲು ಹೇಳಿದ್ದಾರೆ. ಚರ್ಚೆ ಒಂದು, ಒಂದು ಅಭಿಪ್ರಾಯದ ಪರ ವಾದ ಮಾಡುವುದು ಇನ್ನೊಂದು, ಜನರನ್ನು ಕೆರಳಿಸಿ ಅನಾಹುತಕ್ಕೆ ಹಚ್ಚುವುದು ಮೂರನೆಯದು. ಮೊದಲೆರಡು ಎಷ್ಟೇ ಅಪ್ರಿಯವಾಗಿದ್ದರೂ ಅದು ನಮ್ಮ ಹಕ್ಕು. ಮೂರನೆಯ ಮೆಟ್ಟಿಲಿಗೆ ಬಂದಾಗ ಮಾತ್ರ ಕಾನೂನು ಕೈ ಹಾಕಬಹುದು. ಅಡ್ಮಿನ್ ಆದ ನಾನು ಈ ಮೂರು ಮೆಟ್ಟಿಲನ್ನು ಒಂದು ಚೀಟಿಯಲ್ಲಿ ಬರೆದು ಇಟ್ಟುಕೊಂಡಿದ್ದೇನೆ. ಯಾರದೋ ಮಾತು ನನಗೆ ಹಿಡಿಸಲಿಲ್ಲ ಅಂತ ಅಳಿಸುವ ಮೊದಲು ಚೀಟಿ ನೋಡುತ್ತೇನೆ. ಟ್ರ್ಯಾಕ್ಟರ್ ತಗೊಂಡು ಹೋಗೋಣ ಅಂದದ್ದು ಚರ್ಚೆಯೇ. ಒಬ್ಬರ ಮನೆ ವಿಳಾಸ ಹಾಕಿ ನುಗ್ಗಿ ಅಂದರೆ ಅದನ್ನು ಅಳಿಸುತ್ತೇನೆ.

ಈಗ ನಮ್ಮೂರಿಗೇ ಮತ್ತೆ ಬರುತ್ತೇನೆ. ಆ ಮಾರ್ಚ್ ರಾತ್ರಿ ಆದ ಮೇಲೆ ನಾವು ನಾಲ್ಕೈದು ಜನ ಕೂತು ಯೋಚನೆ ಮಾಡಿದೆವು. ಆ ಹೊತ್ತಿಗೆ ಗುಂಪಿನಲ್ಲಿ ಕೆರೆ ತೂಬಿನ ಜಗಳ ನಡೆಯುತ್ತಿತ್ತು. ತೂಬು ಸೋರುತ್ತಿತ್ತು, ನೀರು ವ್ಯರ್ಥವಾಗಿ ಹೋಗುತ್ತಿತ್ತು. ಮೂರು ತಿಂಗಳಿಂದ ಬೈಗುಳ. ಪಂಚಾಯತ್ ಮೆಂಬರ್‌ಗೆ ಒಂದಷ್ಟು, ಪಂಚಾಯತ್ ಅಧಿಕಾರಿ ಪಿಡಿಒಗೆ ಒಂದಷ್ಟು, ಆ ಪಕ್ಷಕ್ಕೆ, ಈ ಪಕ್ಷಕ್ಕೆ. ಈ ಸಲ ಒಂದು ನೋಟ್‌ಬುಕ್ ಇಡೋಣ ಅಂದುಕೊಂಡೆವು. ಡಿಗ್ರಿ ಓದುವ ಒಬ್ಬ ಹುಡುಗಿ ಆ ಕೆಲಸ ವಹಿಸಿಕೊಂಡಳು. ಗುಂಪಿಗೆ ಬರುವ ವಾಯ್ಸ್‌ಗಳನ್ನು ಕೇಳಿ ಕನ್ನಡದಲ್ಲಿ ಬರೆಯುತ್ತಾಳೆ. ಹಿರಿಯರ ಮಾತನ್ನು ಅವರು ಆಡಿದ ಹಾಗೇ ಬರೆಯುತ್ತಾಳೆ, ತಿದ್ದುವುದಿಲ್ಲ. ಎಡಗಡೆ ತಾರೀಕು. ನಡುವೆ ಏನು ಹೇಳಿದರು, ಕಣ್ಣಾರೆ ಕಂಡದ್ದೋ ಕೇಳಿದ್ದೋ ಅಂತ. ಬಲಗಡೆ ಒಂದು ಕಾಲಂ: ಇನ್ನೂ ಗೊತ್ತಿಲ್ಲದ್ದು. ಆ ಹಾಳೆಯ ಫೋಟೋ ತೆಗೆದು ವಾರಕ್ಕೊಮ್ಮೆ ಗುಂಪಿಗೆ ಹಾಕುತ್ತಾಳೆ.

ಬಲಗಡೆಯ ಕಾಲಮ್ಮಿನಲ್ಲಿ ಒಂದು ಪ್ರಶ್ನೆ ವಾರಗಟ್ಟಲೆ ಹಾಗೇ ಇತ್ತು. ಈ ಕೆರೆ ಯಾರದು? ಮೂರು ತಿಂಗಳು ಕೂಗಾಡಿದ ನಮಗೆ ಯಾರಿಗೂ ಗೊತ್ತಿರಲಿಲ್ಲ. ಕೊನೆಗೆ ಗ್ರಾಮಸಭೆಗೆ ಹೋದೆವು. ಗ್ರಾಮಸಭೆಗೆ ಜನ ಬರುವುದಿಲ್ಲ ಅಂತ ಎಲ್ಲ ಕಡೆ ದೂರು ಇದೆ. ಆ ದಿನ ಬಂದರು, ಯಾಕೆಂದರೆ ಹಾಳೆಯಲ್ಲಿ ಅವರ ಮಾತಿತ್ತು. ಹಾಳೆಯನ್ನು ಓದಿ ಹೇಳಿ, ಪ್ರತಿ ಕೊಟ್ಟು, ನಡಾವಳಿ ಪುಸ್ತಕದಲ್ಲಿ ಬರೆಯಿಸಿದೆವು. ಪಂಚಾಯತ್‌ನಿಂದ ಉತ್ತರ ಬರವಣಿಗೆಯಲ್ಲಿ ಬಂತು. ಅಚ್ಚುಕಟ್ಟು, ಅಂದರೆ ಕೆರೆಯ ನೀರು ಉಣ್ಣುವ ಜಮೀನು, 40 ಹೆಕ್ಟೇರಿನವರೆಗೆ ಇರುವ ಕೆರೆ ಪಂಚಾಯತ್ ಕಡೆಗೆ ಸೇರುತ್ತದೆ, ಅದಕ್ಕಿಂತ ಜಾಸ್ತಿ ಇದ್ದರೆ ಸಣ್ಣ ನೀರಾವರಿ ಇಲಾಖೆಗೆ. ನಿಮ್ಮ ಕೆರೆ ನಮ್ಮದಲ್ಲ.

ಕೆಲವರಿಗೆ ಬೇಜಾರಾಯಿತು. ನನಗೆ ಖುಷಿಯಾಯಿತು. ಇಲ್ಲ ಅನ್ನುವುದೂ ಒಂದು ಉತ್ತರ. ಮೂರು ತಿಂಗಳು ತಪ್ಪು ಬಾಗಿಲು ಬಡಿದಿದ್ದೆವು, ಈಗ ಸರಿಯಾದ ಬಾಗಿಲು ಗೊತ್ತಾಯಿತು. ಮೆಂಬರ್‌ಗೆ ಬೈದವರು ಗುಂಪಿನಲ್ಲೇ "ಅಣ್ಣಾ, ಗೊತ್ತಿರಲಿಲ್ಲ, ಬೇಜಾರು ಮಾಡ್ಕೋಬೇಡ" ಅಂತ ಬರೆದರು. ಸಣ್ಣ ನೀರಾವರಿಗೆ ಅರ್ಜಿ ಕೊಟ್ಟೆವು. ಎಂಜಿನಿಯರ್ ಬಂದು ತೂಬಿನ ಅಳತೆ ತಗೊಂಡು ಹೋಗಿದ್ದಾರೆ. ರಿಪೇರಿ ಇನ್ನೂ ಆಗಿಲ್ಲ. ಅದೂ ನೋಟ್‌ಬುಕ್ಕಿನಲ್ಲಿ ತಾರೀಕಿನ ಜೊತೆ ಇದೆ. ಆ ಕಳ್ಳ ಫೋಟೋದ ವಿಷಯವೂ ಇದೆ. ಹಿರಿಯರನ್ನು ಕೂರಿಸಿಕೊಂಡು ಮತ್ತೆ ಕೇಳಿ ಬರೆದುಕೊಂಡೆವು. ಮೂರನೇ ಸಲ ಅದು ಬಂದಾಗ ಹುಡುಗಿ ಆ ಪುಟದ ಫೋಟೋ ಹಾಕಿದಳು, ಮಾತು ಅಲ್ಲಿಗೇ ನಿಂತಿತು.

ಈಗ ನಾಲೆಯ ಉದ್ದಕ್ಕೂ ಇರುವ ನಾಲ್ಕಾರು ಊರಿನವರು ಸೇರಿ ಇನ್ನೊಂದು ಗುಂಪು ಮಾಡಿದ್ದಾರೆ, ಅಲ್ಲಿಯೂ ಒಂದು ನೋಟ್‌ಬುಕ್ ಇದೆ. ವಿಶ್ವೇಶ್ವರಯ್ಯ ನಾಲೆಯ ಕೊನೆಭಾಗದ ಕಷ್ಟ ಮದ್ದೂರು, ಮಳವಳ್ಳಿ ಕಡೆಯವರಿಗೆ ಚೆನ್ನಾಗಿ ಗೊತ್ತು. ಮೇಲಿನವರಿಗೆ ನೀರು ಸಿಗುತ್ತದೆ, ಕೊನೆಯವರಿಗೆ ಬರುವಷ್ಟರಲ್ಲಿ ಮುಗಿದಿರುತ್ತದೆ. ಆ ಗುಂಪಿನಲ್ಲಿ ಕೊನೆಯ ಊರಿನ ಒಬ್ಬ ಹೆಣ್ಣುಮಗಳು ಇದ್ದಾರೆ. ಗಂಡ ಇಲ್ಲ, ಮುಕ್ಕಾಲು ಎಕರೆ ಗದ್ದೆ. ಗುಂಪು ಶುರುವಾದಾಗಿನಿಂದ ಒಂದು ಅಕ್ಷರ ಬರೆದವರಲ್ಲ. ನಾಲೆಗೆ ಸರದಿಯ ಮೇಲೆ ನೀರು ಬಿಡುವುದಕ್ಕೆ ಕಟ್ಟು ಅನ್ನುತ್ತೇವೆ; ಹೋದ ಕಟ್ಟು ನೀರು ಬಿಟ್ಟ ಮೂರನೇ ದಿನ, ಬೆಳಗ್ಗೆ ಐದೂ ಮುಕ್ಕಾಲಿಗೆ, ಅವರಿಂದ ಮೊದಲ ಮೆಸೇಜ್ ಬಂತು. "ನಮ್ ಗದ್ದೆಗೆ ಇನ್ನೂ ಬಂದಿಲ್ಲ."

ಸ್ವಲ್ಪ ಹೊತ್ತು ಯಾರೂ ಏನೂ ಬರೆಯಲಿಲ್ಲ. ಆಮೇಲೆ ಮೇಲಿನ ಊರಿನ ಒಬ್ಬ ಹುಡುಗ, ಅವನ ಗದ್ದೆಗೆ ಎಲ್ಲರಿಗಿಂತ ಮೊದಲು ನೀರು ಬರುತ್ತದೆ, ಕೇಳಿದ. "ಅಕ್ಕಾ, ಎಲ್ಲೀಗಂಟ ಬಂದದೆ?"

"ಆಲದ ಮರದ ಮೋರಿಗಂಟ."

ಹುಡುಗಿ ಅದನ್ನು ನೋಟ್‌ಬುಕ್ಕಿನಲ್ಲಿ ಬರೆದಳು, ಪಕ್ಕದಲ್ಲಿ ಹೊತ್ತು ಹಾಕಿದಳು. ಆ ಹುಡುಗ ತನ್ನ ಗದ್ದೆಗೆ ನೀರು ಬರುವ ಮಡೆ ಕಟ್ಟಿ, ಬೈಕ್ ತಗೊಂಡು ಮೋರಿಯ ಹತ್ತಿರ ಹೋದ.